ಧಾರೆ ಸೀರೆಯ ಹೆಗಲು

"ಮತ್ತೆ ಅಡ್ಡಿ! ಬುದ್ಧಿ, ನನಗೆ ಮೋಕ್ಷ ಬೇಡ. ಒಂದು ಮಾತನ್ನು ಮೊದಲಿಂದ ಕೊನೆಯವರೆಗೆ ಕೇಳುವಷ್ಟು ಹೊತ್ತು ಸಿಕ್ಕರೆ ಸಾಕು."

ಹೀಗೆಂದವಳು ಶಶಿರೇಖೆ. ಮಠದ ಜಗಲಿಯಲ್ಲಿ ಗುರುಗಳ ಮುಂದೆ ಕುಳಿತಿದ್ದಳು. ಅವಳ ಪುಟ್ಟ ಮಗಳು ಬಿಂದು ಪಕ್ಕದಲ್ಲಿ ನಿಂತು ಸೆರಗು ಎಳೆಯುತ್ತಿದ್ದಳು. ಮೊದಲು ನೀರು ಬೇಕೆಂದಳು. ತಂದರೆ ಬೇಡವೆಂದಳು. ಈಗ ಮಠದ ಬೆಕ್ಕು ಎಲ್ಲಿಗೆ ಹೋಯಿತೆಂದು ಕೇಳುತ್ತಿದ್ದಳು.

"ಬೆಕ್ಕು ಅದರ ತವರಿಗೆ ಹೋಗಿದೆ. ಪುಣ್ಯವಂತೆ. ಮರಿ ಬಿಟ್ಟು ಹೋಗಿದೆ," ಎಂದಳು ಶಶಿರೇಖೆ.

ಗುರುಗಳು ನಕ್ಕರು. "ನಿನ್ನ ಪ್ರಶ್ನೆ ಏನು? ಅದನ್ನು ಹೇಳು, ತಾಯಿ."

"ಮದುವೆಗೆ ಮೊದಲು ನಾನು ಹೀಗಿರಲಿಲ್ಲ ಬುದ್ಧಿ. ನಂಬಿದರೆ ನಂಬಿ. ಹತ್ತನೇ ಕ್ಲಾಸು ಮುಗಿಸುವವರೆಗೂ ನನ್ನ ಬಾಯಿಂದ ಒಂದು ಬಿರುಸು ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ ದೀಪ ಹಚ್ಚಿದ್ದೂ ಗೊತ್ತಾಗುತ್ತಿರಲಿಲ್ಲ. ಮನಸ್ಸು ಒಗೆದು ಒಣಗಿಸಿದ ಬಿಳಿ ಬಟ್ಟೆಯ ಹಾಗಿತ್ತು. ಈಗ ನೋಡಿ. ಎದ್ದರೆ ಸಿಟ್ಟು, ಕೂತರೆ ಸಿಟ್ಟು. ಇವತ್ತು ಬೆಳಿಗ್ಗೆ ಇವಳ ಬೆನ್ನಿಗೆ ಒಂದು ಬಾರಿಸಿಯೂ ಬಿಟ್ಟೆ. ಎಷ್ಟು ಸಲ ನನಗೆ ನಾನೇ ಬೈದುಕೊಂಡರೂ ಹೋಗುತ್ತಿಲ್ಲ, ಹೆಚ್ಚುತ್ತಿದೆ. ಆ ಬಿಳುಪು ಮತ್ತೆ ಬರುವುದು ಹೇಗೆ?"

ಶಶಿರೇಖೆ ಮಗಳ ಕೈಯಿಂದ ಸೆರಗನ್ನು ಬಿಡಿಸಿಕೊಂಡಳು.

"ಒಂದು ವರ್ಷ ಇವಳನ್ನು ನಮ್ಮಮ್ಮನ ಹತ್ತಿರ ಬಿಟ್ಟರೆ ಬಂದೀತು ಅನ್ನಿಸುತ್ತದೆ. ಇವಳ ಬಟ್ಟೆ ಕಟ್ಟಿಟ್ಟಿದ್ದೇನೆ. ನೀವು ಹೂಂ ಅಂದರೆ ನಾಳೆಯೇ ಬಸ್ಸು ಹತ್ತಿಸುತ್ತೇನೆ."

ಗುರುಗಳು ಹೂಂ ಎನ್ನಲಿಲ್ಲ. ಊಹೂಂ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಂದು ಊರು. ಆ ಊರಿನಲ್ಲಿ ಒಬ್ಬ ತಾಯಿ, ಅವಳಿಗೆ ಒಬ್ಬಳೇ ಮಗಳು. ತಾಯಿ ಒಗೆದ ಬಿಳಿ ಬಟ್ಟೆಯನ್ನು ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬೆಳಿಗ್ಗೆ ತಾಯಿ ಹೊಳೆಗೆ ಇಳಿದರೆ ಮಗಳು ಮೇಲಿನ ಮೆಟ್ಟಿಲಲ್ಲಿ ಕೂರುತ್ತಿದ್ದಳು. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು, ಕೊನೆಯ ನೀರಿಗೆ ಹಾಕುವ ಚಿಟಿಕೆ ನೀಲಿ, ಒಣಗಿದ ಬಟ್ಟೆಯನ್ನು ಮಡಿಸುವಾಗ ಬರುವ ಬಿಸಿಲ ವಾಸನೆ, ಇವು ಅವಳ ಬಾಲ್ಯ.

ಮಗಳಿಗೆ ಮದುವೆ ಗೊತ್ತಾಯಿತು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಧಾರೆಗೆ ಹೊಸ ಸೀರೆ ತರುತ್ತಿರಲಿಲ್ಲ. ತಾಯಿ ಉಟ್ಟ ಧಾರೆ ಸೀರೆಯನ್ನೇ ಮಗಳೂ ಉಡಬೇಕು. ತಾಯಿ ಪೆಟ್ಟಿಗೆ ತೆಗೆದು ಸೀರೆ ಕೊಟ್ಟಳು. ಬಿಳಿ ಹತ್ತಿ, ಕೆಂಪು ಅಂಚು. ಎಲ್ಲಿಯೂ ಒಂದು ಚುಕ್ಕೆ ಇರಲಿಲ್ಲ. ಎಡ ಹೆಗಲಿಗೆ ಬರುವ ಕಡೆ ಮಾತ್ರ ಬಟ್ಟೆ ತೆಳುವಾಗಿತ್ತು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಹಳೆಯ ಸೀರೆಯಲ್ಲವೇ ಎಂದುಕೊಂಡಳು ಮಗಳು. ಕೇಳಲಿಲ್ಲ.

ಮದುವೆಯಾಗಿ ಅವಳು ಹೋದ ಊರಿನಲ್ಲಿ ಹೊಳೆ ಇರಲಿಲ್ಲ. ಬೋರ್‌ವೆಲ್ ನೀರು. ಬಾಯಿಗೆ ಹಾಕಿದರೆ ಕಬ್ಬಿಣದ ರುಚಿ. ಹೊಸ ಬಕೆಟ್ಟಿನ ಒಳಗೆ ಕೆಲವೇ ದಿನದಲ್ಲಿ ಕೆಂಪು ಗೆರೆ ಮೂಡಿತು. ಮೊದಮೊದಲು ಅವಳು ಅದನ್ನು ಉಜ್ಜುತ್ತಿದ್ದಳು. ಆಮೇಲೆ ಬಿಟ್ಟಳು. ಆಮೇಲೆ ಅದು ಕಣ್ಣಿಗೆ ಬೀಳುವುದೂ ನಿಂತಿತು.

ಅವಳಿಗೂ ಒಬ್ಬ ಮಗಳು ಹುಟ್ಟಿದಳು. ಮಗುವಿನ ಚರ್ಮಕ್ಕೆ ಬಿಸಿಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಹೊರಗೆ ನಿಂತರೆ ಮುಖ ಕೆಂಪಾಗುತ್ತಿತ್ತು. ಇನ್ನೂ ನಿಂತರೆ ಗುಳ್ಳೆ ಏಳುತ್ತಿತ್ತು. ವೈದ್ಯರು ಒಂದು ಮುಲಾಮು ಬರೆದುಕೊಟ್ಟರು. ಮನೆಯಿಂದ ಹೊರಡುವ ಮೊದಲು ಮುಖಕ್ಕೆ, ಕತ್ತಿಗೆ, ಕೈಗೆ ಬಳಿಯಿರಿ, ಒಂದು ದಿನವೂ ತಪ್ಪಿಸಬೇಡಿ ಎಂದರು.

"ಸನ್‌ಸ್ಕ್ರೀನೋ?" ಎಂದಳು ಶಶಿರೇಖೆ. "ಮಠದಲ್ಲಿ ಕೂತ ನಿಮಗೆ ಸನ್‌ಸ್ಕ್ರೀನ್ ಹೇಗೆ ಗೊತ್ತು ಬುದ್ಧಿ?"

"ಬೋಳುತಲೆಯವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?" ಎಂದರು ಗುರುಗಳು. "ಈಗ ಅಡ್ಡ ಬಂದವರು ಯಾರು? ನಿನ್ನ ಮಗಳೋ, ನೀನೋ?"

ಶಶಿರೇಖೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುರುಗಳು ಮುಂದುವರಿಸಿದರು.

ಗೌರಿ ಹಬ್ಬ ಬಂತು. ಆ ದಿನ ಧಾರೆ ಸೀರೆ ಉಟ್ಟು ಹಿರಿಯರ ಮನೆಗಳಿಗೆ ಬಾಗಿನ ಕೊಡಲು ಹೋಗುವುದು ಅವಳ ತವರಿನ ರೂಢಿ. ಅವಳು ಹಾಗೆಯೇ ಮಾಡಿದಳು. ಮಗುವಿಗೆ ಮುಲಾಮು ಬಳಿದು ಸೊಂಟಕ್ಕೆ ಏರಿಸಿಕೊಂಡಳು. ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಮಗು. ಬಿಸಿಲು ಬಲವಾಗಿತ್ತು. ಮಗು ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಮುಖವನ್ನು ತಾಯಿಯ ಹೆಗಲಿಗೆ ಒತ್ತಿಕೊಂಡಿತು. ಎಲ್ಲ ಮನೆ ಸುತ್ತಿ ಬರುವವರೆಗೂ ಹಾಗೆಯೇ ಇತ್ತು.

ಮನೆಗೆ ಬಂದು ಸೀರೆ ಬಿಚ್ಚಿ ನೋಡಿದಳು. ಬೆಳ್ಳಗೆ ಇತ್ತು. ಮರುದಿನ ತಾಯಿ ಕಲಿಸಿದಂತೆ ನೆನೆಸಿದಳು, ಸೋಪು ಹಾಕಿದಳು, ಜಾಲಿಸಿದಳು, ನೀಲಿ ಹಾಕಿ ಹಿಂಡಿದಳು, ಹಗ್ಗಕ್ಕೆ ಹರವಿದಳು. ಒಣಗಿದ ಮೇಲೆ ತೆಗೆಯಲು ಹೋದಳು. ಹೆಗಲ ಮೇಲೆ ವೀಳ್ಯದೆಲೆಯಷ್ಟಗಲ ಕಿತ್ತಳೆ ಬಣ್ಣದ ಕಲೆ. ಸೆರಗಿನಲ್ಲಿ ಸಣ್ಣ ಸಣ್ಣ ಕಲೆಗಳು.

ಬಾಗಿನದ ಅರಿಸಿನ ಚೆಲ್ಲಿರಬೇಕು ಎಂದುಕೊಂಡಳು. ಬ್ಲೀಚಿಂಗ್ ಪುಡಿ ಕದಡಿ ಆ ಜಾಗವನ್ನಷ್ಟೇ ಅದ್ದಿದಳು. ಅರಿಸಿನವಾಗಿದ್ದರೆ ಹೋಗುತ್ತಿತ್ತು. ಇದು ಹೋಗಲಿಲ್ಲ. ಕಿತ್ತಳೆ ಇದ್ದದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಪುಡಿ ಸಾಲಲಿಲ್ಲವೆಂದು ಇನ್ನಷ್ಟು ಹಾಕಿದಳು. ಕಲೆ ಇನ್ನಷ್ಟು ಕಪ್ಪಾಯಿತು. ಅದೇ ನೀರಿನಲ್ಲಿ ಮತ್ತೆ ಒಗೆದಳು. ಇಸ್ತ್ರಿಪೆಟ್ಟಿಗೆ ಕಾಯಿಸಿ ಮೇಲೆ ಎಳೆದಳು. ಕಲೆ ಬಟ್ಟೆಗೆ ಕಚ್ಚಿಕೊಂಡಿತು.

ಆಗ ಮಗುವಿನ ಫ್ರಾಕುಗಳನ್ನು ತೆಗೆದು ನೋಡಿದಳು. ಕುತ್ತಿಗೆಪಟ್ಟಿಯಲ್ಲಿ, ತೋಳಿನ ಅಂಚಿನಲ್ಲಿ ಅದೇ ಬಣ್ಣ. ಬೆವರಿನ ಕಲೆ ಎಂದು ಇಷ್ಟು ದಿನ ಬಿಟ್ಟಿದ್ದಳು. ಸೀರೆಯ ಕಲೆಯನ್ನು ಮತ್ತೆ ನೋಡಿದಳು. ಅದು ಒಂದು ಕೆನ್ನೆಯ ಅಚ್ಚು. ಸೆರಗಿನ ಮೇಲಿನವು ಬೆರಳುಗಳು.

ಮಗುವನ್ನು ಕರೆದಳು. "ಈ ಮುಲಾಮು ಮೆತ್ತಿಕೊಂಡು ಇನ್ನು ನನ್ನ ಮೈಮೇಲೆ ಬಿದ್ದರೆ ನೋಡು! ನಮ್ಮಮ್ಮನ ಸೀರೆಯನ್ನು ಹಾಳು ಮಾಡಿದೆ," ಎಂದಳು.

ಮಗುವಿಗೆ ಸೀರೆಯ ವಿಷಯ ತಿಳಿಯಲಿಲ್ಲ. ಹತ್ತಿರ ಬರಬಾರದು ಎನ್ನುವುದಷ್ಟೇ ತಿಳಿಯಿತು.

ಹೀಗೆ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಅವಳು ಮಗುವನ್ನು ಅಂಗನವಾಡಿಯಿಂದ ಕರೆದುಕೊಂಡು ಬರಲು ಹೋದಳು. ಎಂದಿಗಿಂತ ತಡವಾಗಿತ್ತು. ಮಗು ಹೊರಗೆ ಬಂದು ಗೇಟಿನ ಬಳಿ, ಸುಡುವ ಬಿಸಿಲಿನಲ್ಲಿ ನಿಂತಿತ್ತು. ಫ್ರಾಕಿನ ಅಂಚನ್ನು ನಲ್ಲಿಯ ನೀರಿನಲ್ಲಿ ಒದ್ದೆ ಮಾಡಿ ಮುಖವನ್ನು ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಿತ್ತು. ತಾಯಿಯನ್ನು ಕಂಡು ಎರಡೂ ಕೈ ಮೇಲೆ ಚಾಚಿತು.

"ಅಮ್ಮ, ಎಲ್ಲಾ ಒರೆಸಿಕೊಂಡೆ. ಈಗ ಎತ್ತಿಕೋ."

ಕೆನ್ನೆ ಆಗಲೇ ಕೆಂಪಾಗಿತ್ತು. ಸಂಜೆಯ ಹೊತ್ತಿಗೆ ನೀರುಗುಳ್ಳೆ ಎದ್ದವು.

ವೈದ್ಯರು ಕೇಳಿದರು, "ಮುಲಾಮು ಹಚ್ಚಿರಲಿಲ್ಲವೇ?" ಹಚ್ಚಿದ್ದೆ ಎಂದಳು. ಹಚ್ಚಿದ್ದರೆ ಹೀಗೇಕಾಯಿತು ಎಂದರು.

ಗುಳ್ಳೆ ಆರಿದವು. ಹೊಸ ಚರ್ಮ ಬಂತು. ಆದರೆ ಮಗು ಮುಲಾಮು ಹಚ್ಚಿದ ಮೇಲೆ ತಾಯಿಯಿಂದ ದೂರ ನಿಲ್ಲುವುದನ್ನು ಬಿಡಲಿಲ್ಲ. ಕರೆದರೆ ಬರುತ್ತಿರಲಿಲ್ಲ. ರಮಿಸಿದರೂ ಬರುತ್ತಿರಲಿಲ್ಲ. ಎತ್ತಿಕೊಳ್ಳಲು ಹೋದರೆ ಮೊದಲು ಮುಖ ಒರೆಸಿಕೊಳ್ಳಲು ಓಡುತ್ತಿತ್ತು. ತಾನು ಒಂದೇ ಸಲ ಹೇಳಿದ್ದ ಮಾತು ಹೀಗೇಕೆ ಅಂಟಿತು ಎಂದು ಅವಳಿಗೆ ತಿಳಿಯಲಿಲ್ಲ. ಸೀರೆ ಮೊದಲಿನ ಹಾಗಾದರೆ ಎಲ್ಲವೂ ಮೊದಲಿನ ಹಾಗಾಗುತ್ತದೆ ಎಂದುಕೊಂಡಳು. ಸೀರೆಯನ್ನೂ ಮಗುವನ್ನೂ ಕರೆದುಕೊಂಡು ತವರಿಗೆ ಹೋದಳು.

"ಸೀರೆಯನ್ನು ಕರೆದುಕೊಂಡು ಹೋಗುತ್ತಾರೆಯೇ ಬುದ್ಧಿ?" ಎಂದಳು ಶಶಿರೇಖೆ.

"ಅವಳು ಹೋದಳು," ಎಂದರು ಗುರುಗಳು. "ಸೀರೆ ಮಡಿಲಲ್ಲಿತ್ತು. ಮಗು ಪಕ್ಕದ ಸೀಟಿನಲ್ಲಿತ್ತು."

ಬಿಂದು ಬೆಕ್ಕನ್ನು ಹುಡುಕಲು ಒಳಗೆ ಓಡಿದಳು. ಗುರುಗಳು ಮುಂದುವರಿಸಿದರು.

ತವರಿನಲ್ಲಿ ತಾಯಿ ಮೊದಲು ಮಗುವನ್ನು ನೋಡಿದಳು. ಆಮೇಲೆ ಸೀರೆಯನ್ನು ನೋಡಿದಳು. ಕಲೆಯ ಮೇಲೆ ಬೆರಳಾಡಿಸಿದಳು.

"ಇದು ತುಕ್ಕು," ಎಂದಳು.

"ತುಕ್ಕು ಎಲ್ಲಿಂದ ಬರಬೇಕು? ಇವಳ ಮುಖದ ಮುಲಾಮು ಅದು," ಎಂದಳು ಮಗಳು.

"ಮುಲಾಮು ಹತ್ತಿದ ದಿನವೇ ಕೆಂಪಾಗಿತ್ತೇ?"

"ಇಲ್ಲ. ಒಗೆದ ಮೇಲೆ."

"ಹಾಗಾದರೆ ನಿನ್ನೂರಿನ ನೀರಿನಲ್ಲಿ ಕಬ್ಬಿಣವಿದೆ. ಮುಲಾಮಿನ ಜಿಡ್ಡು ಅದನ್ನು ಹಿಡಿದುಕೊಂಡಿದೆ. ಬಟ್ಟೆ ಒಣಹಾಕುವ ತಂತಿಯ ತುಕ್ಕು ಹೀಗೇ ಹತ್ತುವುದನ್ನು ನಾನು ನೋಡಿಲ್ಲವೇ? ಬ್ಲೀಚಿಂಗ್ ಪುಡಿ ಹಾಕಿದೆಯಾ?"

ಮಗಳು ಕಲೆ ಒಳಗೆ ಹೋಗುವಂತೆ ಸೀರೆ ಮಡಿಸತೊಡಗಿದಳು.

"ಹಾಕಿದ್ದೀಯ. ಇಸ್ತ್ರಿಯನ್ನೂ ಮಾಡಿದ್ದೀಯ. ಕಲೆ ತೆಗೆಯಲು ಹೋಗಿ ಕಲೆಯನ್ನು ಬೇಯಿಸಿಟ್ಟಿದ್ದೀಯಲ್ಲೇ, ಮಹಾರಾಯ್ತಿ! ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತು ಏನನ್ನು ನೋಡುತ್ತಿದ್ದೆ?"

ಇಬ್ಬರೂ ಹೊಳೆಗೆ ಇಳಿದರು. ತಾಯಿ ಮೊದಲು ಸೀರೆಯನ್ನು ಹರಿಯುವ ನೀರಿನಲ್ಲಿ ಹಿಡಿದು, ಪುಡಿಯ ವಾಸನೆ ಪೂರ್ತಿ ಹೋಗುವವರೆಗೆ ಜಾಲಿಸಿದಳು. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಕಲೆಯ ಮೇಲೆ ಸವರಿ, ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿದಳು. ಜಿಡ್ಡು ಇರುವ ತನಕ ಹುಳಿ ಒಳಗೆ ಇಳಿಯುವುದಿಲ್ಲ ಎಂದಳು. ಜಿಡ್ಡು ಬಿಟ್ಟ ಮೇಲೆ ಉಪ್ಪು ಚೆಲ್ಲಿದಳು, ಮೇಲೆ ನಿಂಬೆಹಣ್ಣು ಹಿಂಡಿದಳು, ಕಲ್ಲಿನ ಮೇಲೆ ಹರವಿ ಬಿಟ್ಟಳು. ಒಣಗಲು ಬಿಡದೆ ಮತ್ತೆ ಹಿಂಡಿದಳು. ಅವಸರ ಮಾಡಲಿಲ್ಲ. ಇಟ್ಟಿಗೆಯ ಬಣ್ಣ ಕಿತ್ತಳೆಯಾಯಿತು. ಕಿತ್ತಳೆ ಹಳದಿಯಾಯಿತು. ಹಳದಿ ನೀರಿಗೆ ಬಿಟ್ಟುಕೊಂಡಿತು.

ಮಗಳು ಈ ಸಲ ಮೇಲಿನ ಮೆಟ್ಟಿಲಲ್ಲಿ ಕೂರಲಿಲ್ಲ. ನೀರಿನಲ್ಲೇ ನಿಂತಿದ್ದಳು. ಕಲ್ಲು ಅದೇ, ಸದ್ದು ಅದೇ. ತಾಯಿಯ ಕೈ ಮಾತ್ರ ಈಗ ಸುಕ್ಕುಗಟ್ಟಿತ್ತು.

ತಾಯಿ ಹೆಗಲ ಭಾಗವನ್ನು ಹಿಡಿದು ಜಾಲಿಸತೊಡಗಿದಳು.

"ಅಲ್ಲಿ ಮೆಲ್ಲಗೆ, ಅಮ್ಮ. ಅಲ್ಲಿ ಬಟ್ಟೆ ಸವೆದಿದೆ," ಎಂದಳು ಮಗಳು.

"ನನಗೆ ಹೇಳುತ್ತೀಯಾ? ಅದನ್ನು ಸವೆಸಿದವಳು ನಾನು."

"ನೀನೇ? ಹೇಗೆ?"

"ನಡೆಯಲು ಬರುವವರೆಗೂ ನೀನು ಈ ಹೆಗಲಿನಿಂದ ಇಳಿದವಳಲ್ಲ. ಆಗ ನನಗಿದ್ದದ್ದು ಬೆರಳೆಣಿಕೆಯ ಸೀರೆ. ಒಂದು ಒಣಗದಿದ್ದರೆ ಇದನ್ನೇ ಉಡುತ್ತಿದ್ದೆ. ನಿನ್ನ ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು. ಅದನ್ನೆಲ್ಲ ನೀನು ಅತ್ತು ಒರೆಸುತ್ತಿದ್ದದ್ದು ಎಲ್ಲಿಗೆ? ಇಲ್ಲಿಗೆ. ಎಣ್ಣೆಯ ಕಾಡಿಗೆ, ಸುಮ್ಮನೆ ಹೋಗುತ್ತಿತ್ತೇ? ಉಜ್ಜುತ್ತಿದ್ದೆ. ನೀನು ಮರುದಿನ ಮತ್ತೆ ಬಳಿಯುತ್ತಿದ್ದೆ. ನಾನು ಮತ್ತೆ ಉಜ್ಜುತ್ತಿದ್ದೆ."

ಮಗಳು ಸೀರೆಯ ಆ ಭಾಗವನ್ನು ಕೈಗೆ ತೆಗೆದುಕೊಂಡಳು. "ನನಗೆ ಬಿಳಿ ಸೀರೆಯ ನೆನಪೇ ಇರುವುದು. ಒಂದು ಕಲೆಯನ್ನೂ ನಾನು ನೋಡಿಲ್ಲ."

"ಹೇಗೆ ನೋಡುತ್ತೀಯ? ನೀನು ಏಳುವ ಹೊತ್ತಿಗೆ ಒಗೆದು ಹರವಿರುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ನೋಡುವಷ್ಟು ದೊಡ್ಡವಳಾಗುವ ಹೊತ್ತಿಗೆ ಕಾಡಿಗೆಯ ಕಾಲ ಮುಗಿದಿತ್ತು."

"ಬೈಯುತ್ತಿರಲಿಲ್ಲವೇ?"

"ಬೈಯದೆ? ನಿನ್ನ ಅಪ್ಪನ ವಂಶವನ್ನೆಲ್ಲ ಈ ಕಲ್ಲಿನ ಮೇಲೆ ಹಾಕಿ ಬಡಿಯುತ್ತಿದ್ದೆ. ಬೈಗುಳವನ್ನೆಲ್ಲ ಹೊಳೆ ಕೇಳಿಸಿಕೊಂಡಿದೆ. ಮನೆಗೆ ಒದ್ದೆ ಬಟ್ಟೆಯನ್ನು ಮಾತ್ರ ತರುತ್ತಿದ್ದೆ."

ಕಲೆ ಹೆಚ್ಚುಕಡಿಮೆ ಹೋಯಿತು. ಇಸ್ತ್ರಿ ತಾಗಿದ ಕಡೆ ಮಾತ್ರ ನೀರು ಬೆರೆಸಿದ ಚಹಾದಂತೆ ಒಂದು ನೆರಳು ಉಳಿಯಿತು. ಇದು ಇನ್ನು ಹೋಗುವುದಿಲ್ಲ, ಇರಲಿ ಬಿಡು ಎಂದಳು ತಾಯಿ. ಸೀರೆಯನ್ನು ಹಿಂಡಿ ದಡದ ಹುಲ್ಲಿನ ಮೇಲೆ ಹರವಿದಳು.

ಮಗು ಇಷ್ಟು ಹೊತ್ತೂ ಮೇಲಿನ ಮೆಟ್ಟಿಲಲ್ಲಿ, ಮರದ ನೆರಳಿನಲ್ಲಿ ಕುಳಿತಿತ್ತು. ಸೀರೆ ಒಣಗುತ್ತಿದ್ದಂತೆ ಮಗಳು ಅದನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಕೈ ಚಾಚಿದಳು. ಮಗು ಸೀರೆಯನ್ನು ನೋಡಿತು. ಎದ್ದು ಹಿಂದೆ ಸರಿಯಿತು. ಮುಖದ ತುಂಬ ಮುಲಾಮು ಇತ್ತು.

"ಮುಖ ಒರೆಸಿಕೊಂಡು ಬರಲಾ?" ಎಂದು ಕೇಳಿತು.

"ಒರೆಸಬೇಡ," ಎಂದಳು ಅವಳು. "ಹಾಗೆಯೇ ಬಾ."

ಮಗು ನಂಬಲಿಲ್ಲ. ಅಜ್ಜಿಯ ಮುಖ ನೋಡಿತು. ಮಗುವಿನ ತಾಯಿ ಮೆಟ್ಟಿಲ ಮೇಲೆ ಕುಳಿತಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗು ಒಂದು ಹೆಜ್ಜೆ ಬಂದಿತು. ಆಮೇಲೆ ಇನ್ನೊಂದು. ಕೊನೆಗೆ ಬಂದು, ಸವೆದ ಆ ಹೆಗಲಿಗೆ ಕೆನ್ನೆಯನ್ನು ಒತ್ತಿಕೊಂಡಿತು.

ಗುರುಗಳು ಕತೆ ನಿಲ್ಲಿಸಿದರು.

"ಮತ್ತೆ ಕಲೆ ಆಯಿತೇ?" ಎಂದಳು ಶಶಿರೇಖೆ. ಅವಳ ದನಿ ತಗ್ಗಿತ್ತು.

"ಆಗದೆ? ಊರಿಗೆ ಹೋಗಿ ಹಿತ್ತಿಲಲ್ಲಿ ಒಂದು ನಿಂಬೆ ಗಿಡ ನೆಟ್ಟಳು. ಸೀರೆ ಒಗೆಯಲು ಮಳೆನೀರು ಹಿಡಿದಿಡುತ್ತಿದ್ದಳು."

ಬಿಂದು ಬೆಕ್ಕನ್ನು ಹುಡುಕಿ ಸೋತು ಬಂದಿದ್ದಳು. ಬಾಗಿಲಿನ ಹಿಂದೆಲ್ಲ ನುಸುಳಿ ಮುಖಕ್ಕೆ ಮಸಿ ಬಳಿದುಕೊಂಡಿದ್ದಳು. ತಾಯಿಯ ಹೆಗಲಿಗೆ ತಲೆ ಒರಗಿಸಿ ತೂಕಡಿಸತೊಡಗಿದಳು. ಶಶಿರೇಖೆ ಅವಳನ್ನು ಸರಿಸಲು ಕೈ ಎತ್ತಿದಳು. ಎತ್ತಿದ ಕೈಯನ್ನು ಮಗುವಿನ ಬೆನ್ನಿನ ಮೇಲೆ, ಬೆಳಿಗ್ಗೆ ಬಾರಿಸಿದ್ದ ಜಾಗದಲ್ಲಿ ಇಟ್ಟಳು.

ಆದರೂ ಅವಳ ಬಾಯಿ ಸುಮ್ಮನಿರಲಿಲ್ಲ. "ಕತೆ ಚೆನ್ನಾಗಿದೆ ಬುದ್ಧಿ. ಆದರೆ ನಾನು ಕೇಳಿದ್ದು ಬಟ್ಟೆಯ ವಿಷಯವಲ್ಲ, ಮನಸ್ಸಿನ ವಿಷಯ. ನಮ್ಮೂರಿನ ಹಿತ್ತಿಲ ಮೆಟ್ಟಿಲ ಮೇಲೆ ನಾನು ಕೂತಿದ್ದಾಗ ಅದು ಬೆಳ್ಳಗಿತ್ತು. ಈಗಿಲ್ಲ. ನಾಳೆ ಇವಳನ್ನು ನಮ್ಮಮ್ಮನ ಹತ್ತಿರ ಕಳಿಸಲೋ, ಬೇಡವೋ? ಅಷ್ಟನ್ನು ಹೇಳಿ."

ಗುರುಗಳು ಎದ್ದರು. ಒಳಗೆ ಹೋಗುವ ಮೊದಲು ಹೊಸ್ತಿಲಲ್ಲಿ ನಿಂತು ಅವಳನ್ನು ಒಂದೇ ಒಂದು ಮಾತು ಕೇಳಿದರು.

"ನಿನ್ನ ಮನಸ್ಸು ಬೆಳ್ಳಗಿದ್ದ ಆ ದಿನಗಳಲ್ಲಿ, ತಾಯಿ, ಅದನ್ನು ಒಗೆಯುತ್ತಿದ್ದವರು ಯಾರು?"